ಪೇಪರ್ ಕಳಿಸುವ ಮುನ್ನ: ಜರ್ನಲ್ ಮತ್ತು ಪ್ರಕಾಶಕರ ಯೋಗ್ಯತೆ ಅಳೆಯುವ ಬಗೆ

ಒಂದು ಸಂಶೋಧನಾ ಪೇಪರ್‌ಗಾಗಿ ಎರಡು ವರ್ಷ ದುಡಿದವರು ಅದನ್ನು ಯಾವ ಜರ್ನಲ್‌ಗೆ ಕಳಿಸಬೇಕು ಅನ್ನುವುದನ್ನು ಎರಡೇ ನಿಮಿಷದಲ್ಲಿ ತೀರ್ಮಾನ ಮಾಡಿಬಿಡುತ್ತಾರೆ. ಇಮೇಲ್ ಬಂತು, ವೆಬ್‌ಸೈಟ್ ನೋಡಲು ಚೆನ್ನಾಗಿದೆ, ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ಸಂಖ್ಯೆ) ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ ಅಂತ ಯಾವುದೋ ಸಂಖ್ಯೆಯೂ ಇದೆ, ಕಳಿಸಿದ್ದಾಯಿತು. ಮುಂದೆ ಯಾವುದೋ ಆಯ್ಕೆ ಸಮಿತಿಯಲ್ಲಿ ಯಾರೋ ಒಬ್ಬರು ‘ಇದು ಯಾವ ಜರ್ನಲ್ ಮಾರಾಯರೇ?’ ಎಂದು ಹುಬ್ಬೇರಿಸಿದಾಗ ಕೊಡಲು ಉತ್ತರವಿರುವುದಿಲ್ಲ. ಅಷ್ಟು ಹೊತ್ತಿಗೆ ಲೇಖನವನ್ನು ಹಿಂದಕ್ಕೆ ಪಡೆಯುವುದು ಕಷ್ಟ, ಒಮ್ಮೆ ಪ್ರಕಟವಾದದ್ದನ್ನು ಇನ್ನೊಂದು ಕಡೆ ಕಳಿಸುವಂತೆಯೂ ಇಲ್ಲ.

ಕೆಳಗೆ ಹೇಳಿರುವ ಪರಿಶೀಲನೆಯೆಲ್ಲ ರೂಢಿಯಾದರೆ ಒಂದು ಗಂಟೆಯ ಕೆಲಸ. ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಧನ ಯಾವುದೂ ಬೇಕಿಲ್ಲ. ಸೂತ್ರ ಒಂದೇ: ಜರ್ನಲ್ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಅದರ ವೆಬ್‌ಸೈಟಿನಲ್ಲೇ ಕೂತು ನಂಬಬೇಡಿ. ಐಎಸ್‌ಎಸ್‌ಎನ್ ಬಗ್ಗೆ ಐಎಸ್‌ಎಸ್‌ಎನ್ ಕೇಂದ್ರವನ್ನು ಕೇಳಿ, ಸ್ಕೋಪಸ್ ಎಂಬ ಜರ್ನಲ್ ಸೂಚಿಯ ಬಗ್ಗೆ ಸ್ಕೋಪಸ್ ಅನ್ನು ಕೇಳಿ, ಸಂಪಾದಕರ ಬಗ್ಗೆ ಸಂಪಾದಕರನ್ನೇ ಕೇಳಿ.

ಮಾನ್ಯತೆ ಅಂದರೆ ಯಾರ ಮಾನ್ಯತೆ?

‘ಇದು ಮಾನ್ಯತೆ ಇರುವ ಜರ್ನಲ್ಲಾ?’ ಎಂಬ ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಇಂಥದೊಂದು ಜರ್ನಲ್ ನಿಜಕ್ಕೂ ಇದೆಯೇ? ಐಎಸ್‌ಎಸ್‌ಎನ್, ಡಿಒಐ (ಬಿಡಿ ಲೇಖನದ ಗುರುತು) ಮುಂತಾದವು ಉತ್ತರ ಕೊಡುವುದು ಇದೊಂದಕ್ಕೇ. ಯಾರಾದರೂ ಅದನ್ನು ಪರಿಶೀಲಿಸಿ ತಮ್ಮ ಸೂಚಿಯಲ್ಲಿ (ಇಂಡೆಕ್ಸ್‌ನಲ್ಲಿ) ಸೇರಿಸಿಕೊಂಡಿದ್ದಾರೆಯೇ? ಇದು ವೆಬ್ ಆಫ್ ಸೈನ್ಸ್, ಸ್ಕೋಪಸ್, ಡಿಒಎಜೆಗಳ ಕ್ಷೇತ್ರ. ಕೊನೆಯದು, ನಿಮಗೆ ಪದವಿ, ಬಡ್ತಿ ಅಥವಾ ಅನುದಾನ ಕೊಡುವವರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಒಂದಕ್ಕೆ ಹೌದು ಎಂಬ ಉತ್ತರ ಸಿಕ್ಕಿತೆಂದು ಉಳಿದೆರಡಕ್ಕೂ ಹೌದು ಎಂದುಕೊಳ್ಳುವುದರಿಂದಲೇ ಅರ್ಧಕ್ಕರ್ಧ ಎಡವಟ್ಟುಗಳು ಆಗುವುದು.

ಮೂರನೆಯ ಪ್ರಶ್ನೆಗೆ ದೇಶ ದೇಶದಲ್ಲಿ ಉತ್ತರ ಬೇರೆ. ನಾರ್ವೆಯಲ್ಲಿ ರಾಷ್ಟ್ರೀಯ ನೋಂದಣಿ ಪಟ್ಟಿಯೇ ಇದೆ. ಮೊದಲ ಹಂತಕ್ಕೆ ಸೇರಲು ಪರಿಶೀಲಿಸಿದ ಐಎಸ್‌ಎಸ್‌ಎನ್, ಸಂಪಾದಕ ಮಂಡಳಿ ಮತ್ತು ಪೀರ್ ರಿವ್ಯೂ (ಪ್ರಕಟಣೆಗೆ ಮುನ್ನ ಅದೇ ವಿಷಯದ ತಜ್ಞರು ಮಾಡುವ ವಿಮರ್ಶೆ) ಇರಬೇಕು. ಲೇಖಕರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿನವರು ಒಂದೇ ಸಂಸ್ಥೆಯವರಾಗಿರಬಾರದು. ಆಯಾ ವಿಷಯದ ಪ್ರಕಟಣೆಗಳಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗದಷ್ಟನ್ನು ಪ್ರಕಟಿಸುವ ಮುಂಚೂಣಿಯ ಜರ್ನಲ್‌ಗಳಿಗೆ ಎರಡನೇ ಹಂತ. ಅನುಮಾನ ಹುಟ್ಟಿಸುವವನ್ನು ಪ್ರತ್ಯೇಕವಾಗಿಡಲು 2021ರಲ್ಲಿ ‘ಎಕ್ಸ್’ ಎಂಬ ಇನ್ನೊಂದು ಹಂತವನ್ನೂ ಮಾಡಿದರು. ಫಿನ್ಲೆಂಡ್ 0ಯಿಂದ 3ರವರೆಗೆ ಅಂಕ ಕೊಡುತ್ತದೆ. ಭಾರತದಲ್ಲಿ 2019ರಿಂದ ನಡೆದುಬಂದ ಯುಜಿಸಿ-ಕೇರ್ ಎಂಬ ಮಾನ್ಯ ಜರ್ನಲ್‌ಗಳ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟು, ಜರ್ನಲ್ ಆಯ್ಕೆಯ ಹೊಣೆಯನ್ನು ಉನ್ನತ ಶಿಕ್ಷಣ ಸಂಸ್ಥೆಗಳಿಗೇ ವಹಿಸಲಾಯಿತು. ಪಟ್ಟಿಗಳು ಬರುತ್ತವೆ, ಹೋಗುತ್ತವೆ. ಹಾಗಾಗಿ ಮೊದಲ ಕೆಲಸ ನಿಮ್ಮ ಸಂಸ್ಥೆಯದು ಈಗ ಯಾವ ನಿಯಮ ಎಂದು ಲಿಖಿತವಾಗಿ ಕೇಳಿ ಪಡೆಯುವುದು. ಜೊತೆಗೆ ಇನ್ನೊಂದನ್ನೂ ಕೇಳಿ: ಲೇಖನ ಕಳಿಸಿದ ದಿನ ಪಟ್ಟಿಯಲ್ಲಿದ್ದರೆ ಸಾಕೋ, ಪ್ರಕಟವಾದ ದಿನವೂ ಇರಬೇಕೋ? ತಕರಾರು ಏಳುವುದು ಹೆಚ್ಚಾಗಿ ಈ ಎರಡನೆಯದರ ಮೇಲೆಯೇ.

ಐಎಸ್‌ಎಸ್‌ಎನ್ ನೋಡುವುದು

ಐಎಸ್‌ಎಸ್‌ಎನ್ ಅಂದರೆ ವಾಹನದ ನಂಬರ್ ಪ್ಲೇಟ್ ಇದ್ದ ಹಾಗೆ. ಗಾಡಿ ಯಾವುದೆಂದು ಅದರಿಂದ ತಿಳಿಯುತ್ತದೆ, ಓಡಿಸುವವನಿಗೆ ಓಡಿಸಲು ಬರುತ್ತದೋ ಇಲ್ಲವೋ ಅನ್ನುವುದು ತಿಳಿಯುವುದಿಲ್ಲ. ಇದನ್ನು ಕೊಡುವವರು ಲೇಖನಗಳ ಗುಣಮಟ್ಟ ನೋಡುವುದೇ ಇಲ್ಲ; ಅದು ಅವರ ಕೆಲಸವೂ ಅಲ್ಲ. ಆದರೂ ಮೊದಲು ಇದನ್ನೇ ನೋಡಿ ಎನ್ನಲು ಕಾರಣವಿದೆ. ಇದನ್ನು ಕೈಯಲ್ಲಿ ಹಿಡಿದುಕೊಂಡರೆ ಮುಂದಿನ ಹುಡುಕಾಟವನ್ನೆಲ್ಲ ಹೆಸರಿನ ಬದಲು ಸಂಖ್ಯೆಯ ಮೇಲೆ ಮಾಡಬಹುದು. ಹೆಸರಿಗೆ ಒಂದು ‘ಇಂಟರ್‌ನ್ಯಾಷನಲ್’ ಸೇರಿಸಿಯೋ ಒಂದು ‘ಆಫ್’ ಕಳೆದೋ ಮಾಡುವ ಮೋಸ ಸಂಖ್ಯೆಯ ಮುಂದೆ ನಡೆಯುವುದಿಲ್ಲ.

ಸಂಖ್ಯೆಯಲ್ಲಿ ಎಂಟು ಸ್ಥಾನಗಳಿವೆ. ಮೊದಲ ಏಳು ಗುರುತು, ಎಂಟನೆಯದು ಆ ಏಳು ಸರಿಯಿವೆಯೇ ಎಂದು ತಾಳೆ ನೋಡುವ ಅಂಕಿ. ‘ನೇಚರ್’ ಪತ್ರಿಕೆಯ ಮುದ್ರಿತ ಆವೃತ್ತಿಯದನ್ನೇ ತೆಗೆದುಕೊಳ್ಳಿ: 0028-0836. ಎಡದಿಂದ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಬೇಕು. ಸೊನ್ನೆಗಳನ್ನು ಬಿಟ್ಟರೆ 2×6 ಹನ್ನೆರಡು, 8×5 ನಲವತ್ತು, 8×3 ಇಪ್ಪತ್ನಾಲ್ಕು, 3×2 ಆರು; ಒಟ್ಟು 82. ಅದನ್ನು 11ರಿಂದ ಭಾಗಿಸಿದರೆ ಶೇಷ 5. ಹನ್ನೊಂದರಲ್ಲಿ ಐದು ಕಳೆದರೆ 6, ಅದೇ ಕೊನೆಯ ಅಂಕಿ. ಲೆಕ್ಕ ಹತ್ತಕ್ಕೆ ಬಂದರೆ ಆ ಜಾಗದಲ್ಲಿ ಎಕ್ಸ್ ಬರೆಯುತ್ತಾರೆ, ಶೇಷವೇ ಉಳಿಯದಿದ್ದರೆ ಸೊನ್ನೆ. ಮನಸ್ಸಿಗೆ ಬಂದ ಎಂಟು ಅಂಕಿಗಳನ್ನು ಅಂಟಿಸಿಕೊಂಡವರು ಬಹುಮಟ್ಟಿಗೆ ಈ ಲೆಕ್ಕದಲ್ಲೇ ಸಿಕ್ಕಿಬೀಳುತ್ತಾರೆ.

ಲೆಕ್ಕ ಸರಿಬಂದರೂ ಅಲ್ಲಿಗೇ ಬಿಡಬೇಡಿ. ಐಎಸ್‌ಎಸ್‌ಎನ್ ಅಂತರರಾಷ್ಟ್ರೀಯ ಕೇಂದ್ರ ಪ್ಯಾರಿಸ್‌ನಲ್ಲಿದೆ. ಅದರ ಪೋರ್ಟಲ್‌ನಲ್ಲಿ ಸಂಖ್ಯೆ ಹಾಕಿದರೆ ಜರ್ನಲ್‌ನ ಹೆಸರು, ದೇಶ, ವೆಬ್ ವಿಳಾಸ ಸಿಗುತ್ತವೆ. ನಿಮ್ಮ ಮುಂದಿರುವ ವೆಬ್‌ಸೈಟಿಗೆ ಇವು ಹೊಂದಬೇಕು. ಜರ್ನಲ್ ತನ್ನನ್ನು ‘ಅಮೆರಿಕನ್’ ಎಂದೋ ‘ಯುರೋಪಿಯನ್’ ಎಂದೋ ಕರೆದುಕೊಂಡು, ನೋಂದಣಿ ಮಾತ್ರ ಇನ್ನೆಲ್ಲಿಯೋ ಆಗಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ. ಬೇರೆ ದೇಶದಲ್ಲಿ ನೋಂದಣಿ ಆಗಿರುವುದು ತಪ್ಪಲ್ಲ, ಇಲ್ಲದ ಊರಿನ ವಿಳಾಸ ಹಾಕಿಕೊಳ್ಳುವುದು ತಪ್ಪು.

ಇನ್ನೂ ದೊಡ್ಡ ಅಪಾಯವೆಂದರೆ ಹೈಜಾಕ್ ಆದ ಜರ್ನಲ್. ನಿಜವಾದ, ಹೆಸರುವಾಸಿ ಜರ್ನಲ್‌ನ ಹೆಸರು, ಐಎಸ್‌ಎಸ್‌ಎನ್, ಸಂಪಾದಕರ ಪಟ್ಟಿ ಎಲ್ಲವನ್ನೂ ಕದ್ದು ಬೇರೊಂದು ವಿಳಾಸದಲ್ಲಿ ಅದೇ ಥರದ ವೆಬ್‌ಸೈಟ್ ಕಟ್ಟುತ್ತಾರೆ. ಹಣ ಅವರಿಗೆ ಹೋಗುತ್ತದೆ, ಲೇಖನ ಎಲ್ಲಿಗೂ ಹೋಗುವುದಿಲ್ಲ. ಇಲ್ಲಿ ಹೆಸರು, ಸಂಖ್ಯೆ ಎರಡೂ ಅಸಲಿಯಾಗಿರುವುದರಿಂದ ಉಳಿದೆಲ್ಲ ಪರೀಕ್ಷೆಯಲ್ಲೂ ಪಾಸಾಗಿಬಿಡುತ್ತದೆ. ಹಿಡಿಯಲು ದಾರಿ ಒಂದೇ, ವೆಬ್ ವಿಳಾಸ. ಹುಡುಕಾಟದಲ್ಲಿ ಮೊದಲು ಸಿಕ್ಕ ಕೊಂಡಿಯ ಮೂಲಕ ಹೋಗಬೇಡಿ. ಸ್ಕೋಪಸ್, ಡಿಒಎಜೆ ಅಥವಾ ಐಎಸ್‌ಎಸ್‌ಎನ್ ಪೋರ್ಟಲ್‌ನ ದಾಖಲೆಯಿಂದ ಹೋಗಿ. ಹಿಂತೆಗೆದುಕೊಂಡ ಲೇಖನಗಳ ಮೇಲೆ ಕಣ್ಣಿಡುವ ರಿಟ್ರ್ಯಾಕ್ಷನ್ ವಾಚ್ ತಾಣದವರು 2022ರಿಂದ ನಡೆಸುತ್ತಿರುವ ಹೈಜಾಕ್ ಜರ್ನಲ್‌ಗಳ ಪಟ್ಟಿಯಲ್ಲೂ ಹೆಸರು ಇದೆಯೇ ನೋಡಿ. ಸೂಚಿಗಳೊಳಗೂ ಕೆಲವೊಮ್ಮೆ ನಕಲಿ ಕೊಂಡಿಗಳು ನುಸುಳಿದ್ದುಂಟು, ಆದ್ದರಿಂದ ಎರಡು ಕಡೆ ತಾಳೆ ನೋಡುವುದು ಒಳ್ಳೆಯದು.

ಡಿಒಐ ವಿಷಯಕ್ಕೆ ಹೆಚ್ಚು ಮಾತು ಬೇಡ. 10ರಿಂದ ಶುರುವಾಗುವ ಈ ಗುರುತನ್ನು ಕ್ಲಿಕ್ ಮಾಡಿದರೆ ಲೇಖನ ತೆರೆದುಕೊಳ್ಳಬೇಕು. ತೆರೆಯದಿದ್ದರೆ ಅದು ಬರೀ ಅಲಂಕಾರ. ತೆರೆದರೂ ಗುಣಮಟ್ಟಕ್ಕೆ ಸಾಕ್ಷಿಯೇನಲ್ಲ.

‘ನಾವು ಇಂಡೆಕ್ಸ್ ಆಗಿದ್ದೇವೆ’

ಮುಖಪುಟದ ಕೆಳಗೆ ಸಾಲಾಗಿ ಹದಿನೈದು ಲೋಗೋ. ಅವುಗಳಲ್ಲಿ ಅರ್ಧ ಸೂಚಿಗಳೇ ಅಲ್ಲ. ಗೂಗಲ್ ಸ್ಕಾಲರ್ ಎಲ್ಲವನ್ನೂ ಬಾಚಿಕೊಳ್ಳುವ ಹುಡುಕು ಯಂತ್ರ, ಆಯ್ದು ಸೇರಿಸುವ ಸಮಿತಿ ಅಲ್ಲಿಲ್ಲ. ರಿಸರ್ಚ್‌ಗೇಟ್, ಅಕಾಡೆಮಿಯಾ ಇವು ಲೇಖಕರೇ ಏರಿಸುವ ತಾಣಗಳು. ಕ್ರಾಸ್‌ರೆಫ್ ಡಿಒಐ ನೋಂದಣಿ ಮಾಡುವ ಸಂಸ್ಥೆ. ಇವನ್ನೆಲ್ಲ ‘ಇಂಡೆಕ್ಸಿಂಗ್’ ಎಂಬ ತಲೆಬರಹದ ಕೆಳಗೆ ಹಾಕಿಕೊಂಡವರಿಗೆ ತೋರಿಸಲು ಬೇರೇನೂ ಇಲ್ಲ ಅಂತಲೇ ನನ್ನ ಓದು.

ಆಯ್ಕೆ ಮಾಡಿ ಸೇರಿಸುವ ಸೂಚಿಗಳಲ್ಲಿ ಮುಖ್ಯವಾದವು ಮೂರು. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ ಸೈನ್ಸ್ ಸೈಟೇಷನ್ ಇಂಡೆಕ್ಸ್‌ನಿಂದ ಬೆಳೆದು ಬಂದದ್ದು ವೆಬ್ ಆಫ್ ಸೈನ್ಸ್, ಈಗ ಕ್ಲಾರಿವೇಟ್ ಕಂಪನಿಯ ಕೈಯಲ್ಲಿದೆ. ಅಲ್ಲಿ 28 ಮಾನದಂಡಗಳು. ಗುಣಮಟ್ಟಕ್ಕೆ ಸಂಬಂಧಿಸಿದ 24ನ್ನು ದಾಟಿದರೆ ಬೆಳೆಯುತ್ತಿರುವ ಜರ್ನಲ್‌ಗಳ ಇಎಸ್‌ಸಿಐ ವಿಭಾಗಕ್ಕೆ ಪ್ರವೇಶ, ಪ್ರಭಾವ ಅಳೆಯುವ ಉಳಿದ 4ನ್ನೂ ದಾಟಿದರೆ ವಿಜ್ಞಾನ, ಸಮಾಜ ವಿಜ್ಞಾನ, ಕಲೆ-ಮಾನವಿಕಗಳ ಪ್ರಮುಖ ಸೂಚಿಗಳಿಗೆ ಬಡ್ತಿ. ಎಲ್ಸೆವಿಯರ್ 2004ರಲ್ಲಿ ಆರಂಭಿಸಿದ ಸ್ಕೋಪಸ್‌ನಲ್ಲಿ ವಿಷಯತಜ್ಞರ ಸ್ವತಂತ್ರ ಮಂಡಳಿ ಆಯ್ಕೆ ಮಾಡುತ್ತದೆ. ಡಿಒಎಜೆ ಮುಕ್ತವಾಗಿ ಓದಲು ಸಿಗುವ ಜರ್ನಲ್‌ಗಳದ್ದು. 2003ರಲ್ಲಿ ಸ್ವೀಡನ್‌ನ ಲುಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ನಿಯಮ ಬಿಗಿ ಮಾಡಿ ಎಲ್ಲರೂ ಹೊಸದಾಗಿ ಅರ್ಜಿ ಹಾಕಿ ಎಂದ ಮೇಲೆ, ಹಾಕದೆ ಉಳಿದ ಸುಮಾರು 3,300 ಜರ್ನಲ್‌ಗಳನ್ನು 2016ರಲ್ಲಿ ಒಂದೇ ಏಟಿಗೆ ತೆಗೆದುಹಾಕಿತು.

ವೈದ್ಯಕೀಯದವರಿಗೆ ಒಂದು ಎಚ್ಚರಿಕೆ: ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣ ಬೇರೆ, ಮೆಡ್‌ಲೈನ್ ಸೂಚಿ ಬೇರೆ. ಮೆಡ್‌ಲೈನ್‌ಗೆ ಜರ್ನಲ್‌ಗಳನ್ನು ಸಮಿತಿ ಆರಿಸುತ್ತದೆ. ಪಬ್‌ಮೆಡ್‌ನಲ್ಲಿ ಅದರ ಜೊತೆಗೆ, ಅನುದಾನದ ಷರತ್ತಿನಂತೆ ಲೇಖಕರು ಠೇವಣಿ ಇಟ್ಟ ಬಿಡಿ ಲೇಖನಗಳೂ ಇರುತ್ತವೆ. ಯಾವುದೋ ಒಂದು ಲೇಖನ ಪಬ್‌ಮೆಡ್‌ನಲ್ಲಿ ಕಂಡಿತೆಂದು ಇಡೀ ಜರ್ನಲ್‌ಗೆ ಆ ಗೌರವ ಕೊಡಬೇಡಿ.

ಪರೀಕ್ಷೆ ಸುಲಭ. ಕ್ಲಾರಿವೇಟ್‌ನ ಮಾಸ್ಟರ್ ಜರ್ನಲ್ ಲಿಸ್ಟ್, ಸ್ಕೋಪಸ್‌ನ ‘ಸೋರ್ಸಸ್’ ಪುಟ, ಡಿಒಎಜೆ ಮೂರನ್ನೂ ಉಚಿತವಾಗಿ ನೋಡಬಹುದು. ಐಎಸ್‌ಎಸ್‌ಎನ್ ಹಾಕಿ ಹುಡುಕಿ. ಹೆಸರು ಸಿಕ್ಕ ಕೂಡಲೇ ಪುಟ ಮುಚ್ಚಬೇಡಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬ ಸಾಲನ್ನು ಓದಿ. ‘2012ರಿಂದ 2021’ ಎಂದಿದ್ದರೆ ಆ ಜರ್ನಲ್ ಒಂದು ಕಾಲದಲ್ಲಿ ಸ್ಕೋಪಸ್‌ನಲ್ಲಿತ್ತು, ಈಗಿಲ್ಲ. ಹೊರಬಿದ್ದ ಮೇಲೂ ಲೋಗೋ ತೆಗೆಯದ ಜರ್ನಲ್‌ಗಳು ಬೇಕಾದಷ್ಟಿವೆ. ಕೈಬಿಟ್ಟ ಜರ್ನಲ್‌ಗಳ ಪಟ್ಟಿಯನ್ನು ಸ್ಕೋಪಸ್ ತಾನೇ ಪ್ರಕಟಿಸುತ್ತದೆ. ವೆಬ್ ಆಫ್ ಸೈನ್ಸ್ 2023ರ ಮಾರ್ಚ್‌ನಲ್ಲಿ 50ಕ್ಕೂ ಹೆಚ್ಚು ಜರ್ನಲ್‌ಗಳನ್ನು ಒಮ್ಮೆಲೇ ಕಿತ್ತುಹಾಕಿತು, ಅವುಗಳಲ್ಲಿ ದೊಡ್ಡ ಪ್ರಕಾಶಕರವೂ ಇದ್ದವು. ಆದ್ದರಿಂದ ನೋಡಿದ ದಿನವೇ ಆ ಪುಟವನ್ನು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿಟ್ಟುಕೊಳ್ಳಿ. ಆಮೇಲೆ ಯಾರಾದರೂ ತಗಾದೆ ತೆಗೆದರೆ ಆಗ ಹೀಗಿತ್ತು ಎಂದು ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಸಂಖ್ಯೆಯ ಮೋಹ

ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಇಷ್ಟೇ: ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟವಾದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸುವುದು. ಎರಡು ವರ್ಷದಲ್ಲಿ 80 ಲೇಖನ, ಅವುಗಳಿಗೆ ಮೂರನೇ ವರ್ಷ 120 ಉಲ್ಲೇಖ ಬಂದರೆ 1.5. ಇದನ್ನು ಪ್ರಕಟಿಸುವುದು ಕ್ಲಾರಿವೇಟ್‌ನ ಜರ್ನಲ್ ಸೈಟೇಷನ್ ರಿಪೋರ್ಟ್ಸ್ ಒಂದೇ. ‘ಗ್ಲೋಬಲ್’, ‘ಯೂನಿವರ್ಸಲ್’, ‘ಸೈಂಟಿಫಿಕ್’ ಎಂಬ ವಿಶೇಷಣ ಹೊತ್ತ ಇಂಪ್ಯಾಕ್ಟ್ ಫ್ಯಾಕ್ಟರ್ ಕಂಡರೆ ಅಲ್ಲಿಗೇ ನಿಲ್ಲಿ. ಸೂತ್ರದಿಂದಲೇ ಇನ್ನೊಂದು ವಿಷಯವೂ ಹೊಳೆಯುತ್ತದೆ: ಹೋದ ವರ್ಷ ಹುಟ್ಟಿದ ಜರ್ನಲ್‌ಗೆ ಈಗ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವುದು ಸಾಧ್ಯವೇ ಇಲ್ಲ. ಆದರೂ 7.8 ಎಂದೋ 8.2 ಎಂದೋ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಸ್ಕೋಪಸ್‌ನ ಸೈಟ್‌ಸ್ಕೋರ್ ಇದೇ ಬಗೆಯದು, ನಾಲ್ಕು ವರ್ಷದ ಲೆಕ್ಕ.

ನಿಜವಾದ ಸಂಖ್ಯೆಯೇ ಇದ್ದರೂ ಅದಕ್ಕೆ ಜೋತುಬೀಳಬಾರದು. ಗಣಿತದಲ್ಲಿ 2 ದೊಡ್ಡದು, ಜೀವಕೋಶ ವಿಜ್ಞಾನದಲ್ಲಿ ಅದನ್ನು ಯಾರೂ ಮೂಸುವುದಿಲ್ಲ. ಜರ್ನಲ್‌ನ ಸರಾಸರಿಯನ್ನು ಒಬ್ಬ ಸಂಶೋಧಕನ ಕೆಲಸಕ್ಕೆ ಅಳತೆಗೋಲು ಮಾಡಬೇಡಿ ಎಂದೇ 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೊರಬಂತು. ಸಂಖ್ಯೆ ಅಸಲಿಯೋ ನಕಲಿಯೋ ಅನ್ನುವುದಷ್ಟನ್ನು ಈ ಹಂತದಲ್ಲಿ ತಿಳಿದುಕೊಂಡರೆ ಸಾಕು. ನಕಲಿ ಸಂಖ್ಯೆ ಹಾಕಿಕೊಳ್ಳುವವರು ಉಳಿದದ್ದರಲ್ಲಿ ಪ್ರಾಮಾಣಿಕರಾಗಿರುತ್ತಾರೆ ಎಂದು ನಿರೀಕ್ಷಿಸುವಂತಿಲ್ಲ.

ಸಂಪಾದಕರು ಯಾರು?

ಪೋಲೆಂಡ್‌ನ ಸಂಶೋಧಕರ ತಂಡವೊಂದು ಒಬ್ಬ ಕಾಲ್ಪನಿಕ ವಿದ್ವಾಂಸೆಯನ್ನು ಸೃಷ್ಟಿಸಿ, ಆಕೆಯ ಹೆಸರಿನಲ್ಲಿ 360 ಜರ್ನಲ್‌ಗಳಿಗೆ ಸಂಪಾದಕ ಸ್ಥಾನ ಕೋರಿ ಅರ್ಜಿ ಹಾಕಿತು. ಆಕೆಯ ಪದವಿಗಳು ಸುಳ್ಳು, ಪುಸ್ತಕದ ಅಧ್ಯಾಯಗಳು ಸುಳ್ಳು, ಸಂಪಾದನೆಯ ಅನುಭವ ಸೊನ್ನೆ. 48 ಜರ್ನಲ್‌ಗಳು ಒಪ್ಪಿಕೊಂಡವು, ನಾಲ್ಕರಲ್ಲಿ ನೇರ ಪ್ರಧಾನ ಸಂಪಾದಕಿ. ಫಲಿತಾಂಶ 2017ರಲ್ಲಿ ‘ನೇಚರ್’ನಲ್ಲಿ ಪ್ರಕಟವಾಯಿತು. ಒಪ್ಪಿದವುಗಳಲ್ಲಿ 40 ಜರ್ನಲ್‌ಗಳು ಗ್ರಂಥಪಾಲಕ ಜೆಫ್ರಿ ಬೀಲ್ ಮಾಡಿದ್ದ ಅನುಮಾನಾಸ್ಪದ ಜರ್ನಲ್‌ಗಳ ಕಪ್ಪು ಪಟ್ಟಿಯವು, 8 ಡಿಒಎಜೆಯಲ್ಲಿದ್ದವು. ಜರ್ನಲ್ ಸೈಟೇಷನ್ ರಿಪೋರ್ಟ್ಸ್‌ನಿಂದ ಆರಿಸಿದ್ದ 120ರಲ್ಲಿ ಒಂದೂ ಮೋಸ ಹೋಗಲಿಲ್ಲ.

ಹಾಗಾಗಿ ಸಂಪಾದಕ ಮಂಡಳಿಯ ಪಟ್ಟಿ ಎಷ್ಟು ಉದ್ದವಿದೆ ಅನ್ನುವುದು ಮುಖ್ಯವಲ್ಲ. ಅದರಲ್ಲಿ ಮೂರು ಹೆಸರು ಆರಿಸಿಕೊಳ್ಳಿ: ಪ್ರಧಾನ ಸಂಪಾದಕರು ಒಬ್ಬರು, ನಿಮ್ಮ ವಿಷಯಕ್ಕೆ ಹತ್ತಿರದವರು ಒಬ್ಬರು, ಪಟ್ಟಿಯಲ್ಲೇ ಅತ್ಯಂತ ದೊಡ್ಡ ಹೆಸರಿನವರು ಒಬ್ಬರು. ಅವರವರ ವಿಶ್ವವಿದ್ಯಾಲಯದ ಪುಟಕ್ಕೆ ಹೋಗಿ ನೋಡಿ. ಅವರು ಆ ಸಂಸ್ಥೆಯಲ್ಲಿ ಇದ್ದಾರೆಯೇ, ಇಂಥ ಜರ್ನಲ್‌ನ ಸಂಪಾದಕ ಎಂದು ತಮ್ಮ ಪರಿಚಯದಲ್ಲಿ ಬರೆದುಕೊಂಡಿದ್ದಾರೆಯೇ? ದೊಡ್ಡ ಹೆಸರಿನವರಿಗೆ ಎರಡು ಸಾಲಿನ ಮೇಲ್ ಹಾಕಿ: ಈ ಜರ್ನಲ್‌ನ ಮಂಡಳಿಯಲ್ಲಿ ತಮ್ಮ ಹೆಸರು ಕಂಡೆ, ಲೇಖನ ಕಳಿಸುವ ಯೋಚನೆಯಿದೆ, ತಾವು ಮಂಡಳಿಯಲ್ಲಿರುವುದು ಹೌದೇ? ಇದು ಅತಿಪ್ರಸಂಗ ಎಂದು ಸಂಕೋಚಪಡುವವರು ಇದ್ದಾರೆ. ತಮಗೆ ಗೊತ್ತಿಲ್ಲದೇ ತಮ್ಮ ಹೆಸರು ಬಳಕೆಯಾಗಿದ್ದರೆ ಅವರೇ ನಿಮಗೆ ಥ್ಯಾಂಕ್ಸ್ ಹೇಳುತ್ತಾರೆ.

ಒಂದು ಸಂಚಿಕೆ ಓದಿ

ಇದನ್ನು ಬಹುತೇಕರು ಮಾಡುವುದೇ ಇಲ್ಲ. ಪಟ್ಟಿಗಳನ್ನೆಲ್ಲ ಜಾಲಾಡಿ, ಜರ್ನಲ್‌ನ ಒಂದೇ ಒಂದು ಲೇಖನ ಓದದೆ ಕಳಿಸುತ್ತಾರೆ. ನನ್ನನ್ನು ಕೇಳಿದರೆ ಉಳಿದೆಲ್ಲ ಪರೀಕ್ಷೆ ಬಿಟ್ಟು ಒಂದನ್ನೇ ಇಟ್ಟುಕೊಳ್ಳಿ ಎಂದರೂ ನಾನು ಇಟ್ಟುಕೊಳ್ಳುವುದು ಇದನ್ನೇ.

ಇತ್ತೀಚಿನ ಸಂಚಿಕೆಯಿಂದ ನಿಮ್ಮ ವಿಷಯದ ಎರಡು ಲೇಖನ ತೆಗೆಯಿರಿ. ಶೀರ್ಷಿಕೆಯಲ್ಲೇ ವ್ಯಾಕರಣ ದೋಷ, ಕೋಷ್ಟಕ 3ರ ನಂತರ ಕೋಷ್ಟಕ 5, ಪಠ್ಯದಲ್ಲಿ ಉಲ್ಲೇಖಿಸಿದ್ದು ಕೊನೆಯ ಪಟ್ಟಿಯಲ್ಲಿ ಇಲ್ಲ ಎಂಬಂಥವು ಕಂಡರೆ ಅದನ್ನು ಯಾರೂ ಓದದೆ ಏರಿಸಿದ್ದಾರೆ ಎಂದರ್ಥ. ವಿಧಾನದ ಭಾಗ ಓದಿ. ಮಾದರಿ ಎಷ್ಟು, ಹೇಗೆ ಆರಿಸಿದರು ಎಂದು ಹೇಳದೆಯೇ ‘ಫಲಿತಾಂಶ ಮಹತ್ವದ್ದಾಗಿದೆ’ ಎಂದು ಬರೆದಿದ್ದರೆ, ಅದನ್ನು ಪ್ರಶ್ನಿಸುವ ವಿಮರ್ಶಕ ಅಲ್ಲಿರಲಿಲ್ಲ. 2013ರಲ್ಲಿ ಜಾನ್ ಬೊಹಾನನ್ ‘ಸೈನ್ಸ್’ ಪತ್ರಿಕೆಗಾಗಿ ಮಾಡಿದ ಪರೀಕ್ಷೆ ಇದನ್ನೇ ಬಯಲಿಗೆ ತಂದದ್ದು. ಕಲ್ಲುಹೂವಿನಿಂದ ತೆಗೆದ ರಾಸಾಯನಿಕ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂದು ಹೇಳುವ ಕಟ್ಟುಕಥೆಯ ಪೇಪರ್‌ನಲ್ಲಿ ಎದ್ದು ಕಾಣುವಂಥ ತಪ್ಪುಗಳನ್ನು ಬೇಕೆಂದೇ ಇಟ್ಟು 304 ಮುಕ್ತ ಜರ್ನಲ್‌ಗಳಿಗೆ ಕಳಿಸಿದರು. 157 ಒಪ್ಪಿಕೊಂಡವು. ಹೆಸರಾಂತ ಮುಕ್ತ ಜರ್ನಲ್ ಪ್ಲಾಸ್ ಒನ್ ತಿರಸ್ಕರಿಸಿತು.

ಲೇಖನದ ಮೊದಲ ಪುಟದಲ್ಲಿ ಸಣ್ಣಕ್ಷರದಲ್ಲಿ ಸ್ವೀಕರಿಸಿದ, ತಿದ್ದಿದ, ಒಪ್ಪಿದ ದಿನಾಂಕಗಳಿರುತ್ತವೆ. ಹತ್ತು ಲೇಖನಗಳದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದಕ್ಕೆ ಎರಡು ತಿಂಗಳು, ಇನ್ನೊಂದಕ್ಕೆ ಏಳು ತಿಂಗಳು, ಮತ್ತೊಂದಕ್ಕೆ ವರ್ಷ ಹಿಡಿದಿದ್ದರೆ ಅದು ಸಹಜ, ಮನುಷ್ಯರು ಓದಿದ್ದಾರೆ. ಎಲ್ಲವೂ ಐದಾರು ದಿನದಲ್ಲಿ ಪಾಸಾಗಿದ್ದರೆ ಯಾರೂ ಓದಿಲ್ಲ. ದಿನಾಂಕವೇ ಇಲ್ಲದಿದ್ದರೆ ಅದೂ ಒಂದು ಉತ್ತರವೇ. ‘48 ಗಂಟೆಯಲ್ಲಿ ಸ್ವೀಕೃತಿ ಖಾತ್ರಿ’ ಎನ್ನುವವರ ಬಗ್ಗೆ ಹೇಳುವುದೇನಿದೆ! ವಿಮರ್ಶೆ ಮಾಡುವವರು ಯಾರಿಗೂ ಮೊದಲೇ ಸ್ವೀಕೃತಿಯ ಖಾತ್ರಿ ಕೊಡಲಾರರು.

ಲೇಖಕರ ಹೆಸರುಗಳನ್ನೂ ಸಂಪಾದಕರ ಹೆಸರುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಂಪಾದಕರು, ಮಂಡಳಿಯವರು, ವಿಮರ್ಶಕರು ಬರೆದ ಲೇಖನಗಳು ಇತ್ತೀಚಿನ ಎರಡು ಸಂಚಿಕೆಗಳಲ್ಲಿ ಕಾಲು ಭಾಗ ಮೀರಬಾರದು ಎಂಬುದು ಡಿಒಎಜೆ ನಿಯಮ. ಒಂದೇ ವಿಭಾಗದ ನಾಲ್ಕು ಜನ ಸರದಿಯಲ್ಲಿ ಬರೆಯುವ ಜರ್ನಲ್ ಕೆಟ್ಟದ್ದೆಂದಲ್ಲ, ಅದು ಮನೆಪತ್ರಿಕೆ ಅಷ್ಟೆ.

ಕೊನೆಗೆ ರಿಟ್ರ್ಯಾಕ್ಷನ್ (ಪ್ರಕಟವಾದ ಲೇಖನದ ಹಿಂತೆಗೆತ) ಹುಡುಕಿ. ರಿಟ್ರ್ಯಾಕ್ಷನ್ ವಾಚ್‌ನ ದತ್ತಾಂಶವನ್ನು ಕ್ರಾಸ್‌ರೆಫ್ 2023ರಲ್ಲಿ ಪಡೆದು ಎಲ್ಲರಿಗೂ ತೆರೆದಿಟ್ಟಿದೆ. ಇಲ್ಲಿ ಅರ್ಥ ಮಾಡಿಕೊಳ್ಳುವ ಬಗೆ ಸ್ವಲ್ಪ ತಿರುವುಮುರುವು. ಕಾರಣ ಹೇಳಿ, ಸೂಚನೆ ಪ್ರಕಟಿಸಿ ಒಂದೆರಡು ಲೇಖನ ಹಿಂತೆಗೆದುಕೊಂಡಿರುವ ಜರ್ನಲ್ ಹೊಣೆ ಅರಿತದ್ದು. ದೂರು ಬಂದ ಕೂಡಲೇ ಸದ್ದಿಲ್ಲದೆ ಪುಟವನ್ನೇ ಮಾಯ ಮಾಡುವ ಜರ್ನಲ್‌ನಿಂದ ದೂರ ಇರಿ.

ಹಣ, ಹಕ್ಕು, ಭದ್ರತೆ

ಶುಲ್ಕ ಕೇಳಿದ ಮಾತ್ರಕ್ಕೆ ಜರ್ನಲ್ ಮೋಸದ್ದಲ್ಲ, ಕೇಳದ ಮಾತ್ರಕ್ಕೆ ಸಾಚಾ ಅಲ್ಲ. ಲೇಖಕರಿಂದಲೂ ಓದುಗರಿಂದಲೂ ಏನೂ ಪಡೆಯದ ಡೈಮಂಡ್ ಜರ್ನಲ್‌ಗಳಿವೆ. ದೊಡ್ಡ ಮೊತ್ತ ಪಡೆಯುವ ಒಳ್ಳೆಯ ಜರ್ನಲ್‌ಗಳೂ ಇವೆ. ನೋಡಬೇಕಾದದ್ದು ಶುಲ್ಕವನ್ನು ಎಲ್ಲಿ, ಯಾವಾಗ ಹೇಳುತ್ತಾರೆ ಎಂಬುದನ್ನು. ಪೂರ್ತಿ ಮೊತ್ತ, ತೆರಿಗೆ, ರಿಯಾಯಿತಿ ಎಲ್ಲ ಲೇಖನ ಕಳಿಸುವ ಮುನ್ನವೇ ಕಾಣಬೇಕು. ಸ್ವೀಕೃತಿ ಪತ್ರದ ಜೊತೆ ಮೊದಲ ಬಾರಿಗೆ ಬಿಲ್ ಬಂದರೆ, ಹಿಂತೆಗೆದುಕೊಳ್ಳಲೂ ಶುಲ್ಕ ಎಂದರೆ, ಅದು ಬಲೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ದಾವೆಯಲ್ಲಿ ಒಮಿಕ್ಸ್ ಪ್ರಕಾಶನ ಸಮೂಹದ ವಿರುದ್ಧ 2019ರಲ್ಲಿ ನ್ಯಾಯಾಲಯ 5 ಕೋಟಿ ಡಾಲರ್ ಮೀರಿದ ಮೊತ್ತದ ತೀರ್ಪು ಕೊಟ್ಟಾಗ ಆರೋಪಗಳಲ್ಲಿ ಇವೂ ಇದ್ದವು: ಶುಲ್ಕ ಮುಚ್ಚಿಡುವುದು, ವಿಮರ್ಶೆಯ ಬಗ್ಗೆ ಸುಳ್ಳು ಹೇಳುವುದು, ಒಪ್ಪಿಗೆಯಿಲ್ಲದೆ ಸಂಪಾದಕರ ಹೆಸರು ಹಾಕುವುದು.

ವೆಬ್‌ಸೈಟಿನಲ್ಲಿ ಏನೇನು ಇರಬೇಕು ಎಂಬುದಕ್ಕೆ ಸಿದ್ಧ ಪಟ್ಟಿಯೇ ಇದೆ. ಪ್ರಕಟಣಾ ನೀತಿಯ ಸಂಸ್ಥೆ ಕೋಪ್, ಡಿಒಎಜೆ, ಮುಕ್ತ ಪ್ರಕಾಶಕರ ಸಂಘ ಓಯಾಸ್ಪ, ವೈದ್ಯಕೀಯ ಸಂಪಾದಕರ ಸಂಘ ವೇಮ್ ನಾಲ್ಕೂ ಸೇರಿ 2013ರಲ್ಲಿ ರೂಪಿಸಿ 2022ರಲ್ಲಿ ಪರಿಷ್ಕರಿಸಿದ ಪಾರದರ್ಶಕತೆಯ 16 ತತ್ವಗಳು ಅವು. ಮಾಲೀಕರು ಯಾರು, ವಿಮರ್ಶೆಯ ವಿಧಾನ ಯಾವುದು, ಹಕ್ಕುಸ್ವಾಮ್ಯ ಯಾರದು, ದೂರು ಬಂದರೆ ಏನು ಮಾಡುತ್ತಾರೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಕೋಪ್ ಸದಸ್ಯರು ಎಂದು ಹೇಳಿಕೊಂಡಿದ್ದರೆ ಕೋಪ್ ತಾಣದಲ್ಲೇ ಹುಡುಕಿ. ಇಷ್ಟೆಲ್ಲ ಓದಲು ಪುರಸೊತ್ತಿಲ್ಲದವರಿಗೆ 2015ರಲ್ಲಿ ಶುರುವಾದ ‘ಥಿಂಕ್ ಚೆಕ್ ಸಬ್ಮಿಟ್’ ಪ್ರಶ್ನಾವಳಿ ಇದೆ.

ಜರ್ನಲ್ ನಾಳೆ ಮುಚ್ಚಿಹೋದರೆ ಲೇಖನದ ಗತಿಯೇನು ಎಂಬುದನ್ನೂ ಕೇಳಿಕೊಳ್ಳಿ. 2000ರಿಂದ 2019ರ ನಡುವೆ 170ಕ್ಕೂ ಹೆಚ್ಚು ಮುಕ್ತ ಜರ್ನಲ್‌ಗಳು ಅಂತರ್ಜಾಲದಿಂದ ಕಾಣೆಯಾದದ್ದನ್ನು ಒಂದು ಅಧ್ಯಯನ ದಾಖಲಿಸಿದೆ. ಕ್ಲಾಕ್ಸ್, ಪೋರ್ಟಿಕೊ ಮುಂತಾದ ಸಂಗ್ರಹಗಳಲ್ಲಿ ಪ್ರತಿ ಇಡುವ ವ್ಯವಸ್ಥೆ ಇದ್ದರೆ ಭಯವಿಲ್ಲ.

ಪುಸ್ತಕವಾದರೆ

ಥೀಸಿಸ್ ಮುಗಿಸಿದವರಿಗೆ ಬರುವ ‘ನಿಮ್ಮ ಪ್ರಬಂಧವನ್ನು ಪುಸ್ತಕ ಮಾಡುತ್ತೇವೆ’ ಎಂಬ ಮೇಲ್ ಎಲ್ಲರಿಗೂ ಪರಿಚಿತ. ಐಎಸ್‌ಬಿಎನ್ ಇದೆ ಎನ್ನುತ್ತಾರೆ. 13 ಅಂಕಿಯ ಆ ಸಂಖ್ಯೆಯನ್ನು ಯಾವ ಪ್ರಕಾಶಕರು ಬೇಕಾದರೂ ಪಡೆಯಬಹುದು. ಕೇಳಬೇಕಾದ ಪ್ರಶ್ನೆ: ಹಸ್ತಪ್ರತಿಯನ್ನು ಹೊರಗಿನ ತಜ್ಞರು ಓದುತ್ತಾರೆಯೇ, ಬೇಡ ಎನ್ನುವ ಅಧಿಕಾರ ಯಾರಿಗಿದೆ? ವಿಶ್ವವಿದ್ಯಾಲಯ ಮುದ್ರಣಾಲಯಗಳಲ್ಲಿ ತಜ್ಞರ ವರದಿ ಬಂದ ಮೇಲೆ ಸಾಮಾನ್ಯವಾಗಿ ಒಂದು ಅಧ್ಯಾಪಕ ಸಮಿತಿ ಒಪ್ಪಿಗೆ ಕೊಡಬೇಕು. ಅಸೋಸಿಯೇಷನ್ ಆಫ್ ಯೂನಿವರ್ಸಿಟಿ ಪ್ರೆಸಸ್ ಸದಸ್ಯರ ಪಟ್ಟಿ, ಮುಕ್ತ ಪುಸ್ತಕಗಳಿಗೆ 2012ರಿಂದ ಇರುವ ಡಿಒಎಬಿ ಸೂಚಿ ಇವೆರಡೂ ನೋಡಲು ತಕ್ಕವು. ಫಿನ್ಲೆಂಡ್, ಬೆಲ್ಜಿಯಂನ ಫ್ಲಾಂಡರ್ಸ್‌ನಂಥ ಕಡೆ ಪೀರ್ ರಿವ್ಯೂ ಆದ ಪುಸ್ತಕಕ್ಕೆ ಪ್ರತ್ಯೇಕ ಮುದ್ರೆಯೇ ಇದೆ. ನಾನಂತೂ ಜಗತ್ತಿನ ಗ್ರಂಥಾಲಯಗಳ ಒಟ್ಟು ಕ್ಯಾಟಲಾಗ್ ಆದ ವರ್ಲ್ಡ್‌ಕ್ಯಾಟ್‌ನಲ್ಲಿ ಆ ಪ್ರಕಾಶಕರ ಹತ್ತು ಪುಸ್ತಕ ಹುಡುಕಿ, ಎಷ್ಟು ಗ್ರಂಥಾಲಯಗಳು ತರಿಸಿಕೊಂಡಿವೆ ಎಂದು ನೋಡುತ್ತೇನೆ. ನಿಮ್ಮ ವಿಷಯದ ಒಳ್ಳೆಯ ಜರ್ನಲ್‌ಗಳಲ್ಲಿ ಅವರ ಪುಸ್ತಕಗಳಿಗೆ ವಿಮರ್ಶೆ ಬಂದಿದ್ದರೆ ಇನ್ನೂ ಗಟ್ಟಿ. ಲೇಖಕರೇ ಇಂತಿಷ್ಟು ಪ್ರತಿ ಕೊಳ್ಳಬೇಕು ಎಂಬ ಷರತ್ತಿದ್ದರೆ ಅವರು ಮುದ್ರಕರು, ಪ್ರಕಾಶಕರಲ್ಲ.

ದೊಡ್ಡ ಹೆಸರು, ಸಣ್ಣ ಹೆಸರು

ಪ್ರಕಾಶಕರ ಹೆಸರು ದೊಡ್ಡದೆಂದು ಪರೀಕ್ಷೆ ಬಿಡುವಂತಿಲ್ಲ. ದೊಡ್ಡ ಪ್ರಕಾಶಕ ಸಂಸ್ಥೆ ವೈಲಿ 2021ರಲ್ಲಿ ಕೊಂಡ ಹಿಂದಾವಿ ಪ್ರಕಾಶನದ ಜರ್ನಲ್‌ಗಳಿಂದ 2023ರೊಂದರಲ್ಲೇ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೊನೆಗೆ ಆ ಹೆಸರನ್ನೇ ಕೈಬಿಟ್ಟರು. ಹೆಚ್ಚಿನವು ಅತಿಥಿ ಸಂಪಾದಕರ ವಿಶೇಷ ಸಂಚಿಕೆಗಳಲ್ಲಿ ಬಂದವು, ದುಡ್ಡಿಗೆ ನಕಲಿ ಲೇಖನ ತಯಾರಿಸಿಕೊಡುವ ‘ಪೇಪರ್ ಮಿಲ್’ಗಳ ಮಾಲು. ಇವತ್ತು ವಿಶೇಷ ಸಂಚಿಕೆಗೆ ಆಹ್ವಾನ ಬಂದರೆ ಅತಿಥಿ ಸಂಪಾದಕರನ್ನೂ ಮೇಲಿನಂತೆಯೇ ಪರಿಶೀಲಿಸಬೇಕು. ವರ್ಷಕ್ಕೆ ಸಾಮಾನ್ಯ ಸಂಚಿಕೆ ಹನ್ನೆರಡು, ವಿಶೇಷ ಸಂಚಿಕೆ ನೂರಾರು ಎಂದಾದರೆ ವಿಶೇಷ ಏನು ಉಳಿಯಿತು?

ಇದಕ್ಕೆ ಉಲ್ಟಾ, ಸಣ್ಣದೆಂದು ತಳ್ಳಿಹಾಕುವುದೂ ಸರಿಯಲ್ಲ. ಪ್ರಾದೇಶಿಕ ಭಾಷೆಯಲ್ಲಿ ವರ್ಷಕ್ಕೆರಡು ಸಂಚಿಕೆ ತರುವ, ಡಿಒಐಗೆ ದುಡ್ಡಿಲ್ಲದ, ವೆಬ್‌ಸೈಟ್ ಹಳೆಯ ಕಾಲದ್ದಾದ ಮಾನವಿಕ ಜರ್ನಲ್ ಯಾವ ಸೂಚಿಯಲ್ಲೂ ಇಲ್ಲದಿರಬಹುದು. ಸಂಪಾದಕರು ನಿಜ, ಲೇಖನಗಳು ಗಟ್ಟಿ, ನಿಮ್ಮ ಕ್ಷೇತ್ರದವರು ಓದುತ್ತಾರೆ ಎಂದಾದರೆ ಅದು ಒಳ್ಳೆಯ ಜರ್ನಲ್ಲೇ. ಬೀಲ್ ಪಟ್ಟಿಗೆ ಇದ್ದ ದೊಡ್ಡ ಆಕ್ಷೇಪಣೆಯೂ ಇದೇ ಆಗಿತ್ತು: ಒಬ್ಬರೇ ಕೂತು ತೀರ್ಪು ಕೊಡುತ್ತಿದ್ದರು, ಬಡ ಜರ್ನಲ್‌ಗೂ ಕಳ್ಳ ಜರ್ನಲ್‌ಗೂ ವ್ಯತ್ಯಾಸ ಮಸುಕಾಗುತ್ತಿತ್ತು. 2017ರ ಜನವರಿಯಲ್ಲಿ ಆ ಪಟ್ಟಿಯನ್ನು ಅವರೇ ತೆಗೆದರು. ಅದರ ಹಳೆಯ ಪ್ರತಿಗಳು ಈಗಲೂ ಓಡಾಡುತ್ತಿವೆ. ಸುಳಿವಿಗೆ ನೋಡಿ, ತೀರ್ಪಿಗೆ ಬೇಡ.

ಆಗಲೇ ಕಳಿಸಿಬಿಟ್ಟಿದ್ದರೆ

ಕಳಿಸಿದ ಮೇಲೆ ಅನುಮಾನ ಬಂದರೆ ತಡಮಾಡಬೇಡಿ. ಹಕ್ಕುಸ್ವಾಮ್ಯದ ಫಾರಂಗೆ ಸಹಿ ಹಾಕಬೇಡಿ, ಹಣ ಕಟ್ಟಬೇಡಿ. ‘ಈ ಲೇಖನವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ, ಪ್ರಕಟಿಸಲು ನನ್ನ ಒಪ್ಪಿಗೆ ಇಲ್ಲ’ ಎಂದು ಲೇಖನದ ಸಂಖ್ಯೆ ಸಮೇತ ಮೇಲ್ ಹಾಕಿ, ಸಹಲೇಖಕರೆಲ್ಲರಿಗೂ ಪ್ರತಿ ಹೋಗಲಿ. ಉತ್ತರ ಬರದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ಹಾಕಿ. ‘ವಕೀಲರ ನೋಟಿಸ್ ಕಳಿಸುತ್ತೇವೆ’ ಎಂದು ಹೆದರಿಸುವುದು ಇವರ ಮಾಮೂಲು ಪಟ್ಟು. ಅಂಥ ಮೇಲ್ ಬಂದರೆ ಉತ್ತರಿಸುವ ಮುನ್ನ ಗೈಡ್‌ಗೂ ಗ್ರಂಥಪಾಲಕರಿಗೂ ತೋರಿಸಿ. ಅಷ್ಟರಲ್ಲಿ ಪ್ರಕಟ ಮಾಡಿಯೇಬಿಟ್ಟಿದ್ದರೆ, ಮುಂದೆ ಬೇರೆ ಜರ್ನಲ್‌ಗೆ ಕಳಿಸುವಾಗ ಮುಚ್ಚಿಡಬೇಡಿ. ನಡೆದದ್ದನ್ನು ಕವರ್ ಲೆಟರ್‌ನಲ್ಲಿ ನಾಲ್ಕು ಸಾಲಿನಲ್ಲಿ ಬರೆದು, ಹಿಂತೆಗೆತ ಕೋರಿ ಹಾಕಿದ ಮೇಲ್‌ಗಳನ್ನು ದಿನಾಂಕ ಸಹಿತ ಲಗತ್ತಿಸಿ. ಪರಿಗಣಿಸುವುದು ಬಿಡುವುದು ಆ ಸಂಪಾದಕರಿಗೆ ಬಿಟ್ಟದ್ದು. ಆದರೆ ಈ ಸಂಗತಿ ಆಮೇಲೆ ಹೊರಬಿದ್ದರೆ ನಿಮ್ಮ ಮೇಲೆ ಬರುವುದು ಎರಡು ಕಡೆ ಪ್ರಕಟಿಸಿದ ಆರೋಪ.